ಚಿಗರಿಯ ಪಾಲು

ಡಿಸೆಂಬರ್ ಎರಡನೇ ವಾರದ ಒಂದು ರಾತ್ರಿ. ಊಟದ ಟೇಬಲ್ ಮೇಲೆ ತಂತಿ, ಕಂದು ಬಣ್ಣದ ಕಾಗದ, ಫೆವಿಕಾಲ್ ಹರಡಿಕೊಂಡು ಮಗಳಿಗೆ ಕೊಂಬು ಮಾಡುತ್ತಾ ಕೂತಿದ್ದೆ. ಅಷ್ಟರಲ್ಲಿ ಊರಿನಿಂದ ತಮ್ಮನ ಫೋನು.

"ಅಕ್ಕಾ, ಏನ್ ಮಾಡ್ಲಕತ್ತೀದಿ?"

"ಜಿಂಕಿ ಕೊಂಬು ಮಾಡ್ಲಕತ್ತೀನಿ ನೋಡಪ್ಪ" ಅಂದೆ.

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ, "ನೀ ಅಲ್ಲಿ ಜಿಂಕಿಗಿ ಕೊಂಬು ಮಾಡಕೋತ ಕೂಡು. ಇಲ್ಲಿ ಅವು ನನ್ನ ಕಡ್ಲಿ ಮೇದು ಹೋಗ್ಯಾವ" ಅಂದ.

ನಮ್ಮದು ಬೀದರ ಜಿಲ್ಲೆ, ಬಸವಕಲ್ಯಾಣ ತಾಲೂಕು. ಎರೆ ಹೊಲ ಐದು ಎಕರೆ. ಮೂರರಲ್ಲಿ ಕಡಲೆ, ಎರಡರಲ್ಲಿ ಬಿಳಿಜೋಳ. ಅಪ್ಪನಿಗೆ ಈಗ ಎಪ್ಪತ್ತಾರು, ಮೊಣಕಾಲು ಹಿಡಿದುಕೊಂಡಿದೆ, ಹೊಲ ನೋಡುವವನು ತಮ್ಮನೇ. ನಾನು ಪುಣೆಗೆ ಬಂದು ಹದಿನೆಂಟು ವರ್ಷ. ಪಾಷಾಣದ ಕಡೆ ಒಂದು ಸೊಸೈಟಿಯಲ್ಲಿ ಮನೆ. ನಮ್ಮ ಸೊಸೈಟಿಯಲ್ಲಿ ಗಣಪತಿ ಎಷ್ಟು ಜೋರೋ ಕ್ರಿಸ್ಮಸ್ಸೂ ಈಚೆಗೆ ಅಷ್ಟೇ ಜೋರು. ಕ್ಲಬ್‌ಹೌಸಿನಲ್ಲಿ ಪ್ಲಾಸ್ಟಿಕ್ ಮರ, ಗೇಟಿನ ಸೆಕ್ಯೂರಿಟಿ ಕಾಕಾನಿಗೆ ಕೆಂಪು ಟೋಪಿ, ಕ್ಯಾಂಪಿನ ಬೇಕರಿಯಿಂದ ತಂದ ಪ್ಲಮ್ ಕೇಕು, ಮಕ್ಕಳ ನಾಟಕ. ಈ ಸಲದ ನಾಟಕ 'ಕಾಡಿನ ಪ್ರಾಣಿಗಳ ಕ್ರಿಸ್ಮಸ್'. ಹಿಮ ಬಿದ್ದ ಕಾಡಿನ ಗುಡಿಸಲಲ್ಲಿ ಒಬ್ಬ ಒಂಟಿ ಅಜ್ಜ. ಅವನಿಗೆ ಅಳಿಲು ಕಾಯಿ ತಂದುಕೊಡುತ್ತದೆ, ಮೊಲ ಗಜ್ಜರಿ, ಕರಡಿ ಜೇನು. ಹಿಮಸಾರಂಗ ತನ್ನ ಕೊಂಬಿನ ಮೇಲೆ ಸೌದೆ ಹೊತ್ತು ತರುತ್ತದೆ. ನಾಲ್ಕನೇ ಕ್ಲಾಸಿನ ನನ್ನ ಮಗಳೇ ಆ ಹಿಮಸಾರಂಗ.

ಆದ್ದರಿಂದಲೇ ಆ ಕೊಂಬಿನ ಕೆಲಸ. ತುಳಶೀಬಾಗಿನಲ್ಲಿ ಬಾಡಿಗೆಗೆ ಸಿಕ್ಕ ವೇಷಕ್ಕೆ ನೆಟ್ಟಗಿನ ಎರಡು ಕೊಂಬು ಮಾತ್ರ ಇದ್ದವು, ಮಗಳಿಗೆ ಅದು ಸರಿ ಬರಲಿಲ್ಲ. "ಮಮ್ಮಿ, ಇದು ಮೇಕೆ ಥರ ಇದೆ" ಎಂದಳು. ಹಿಮಸಾರಂಗದ್ದು ಕವಲೊಡೆದ ಕೊಂಬು. ಅದು ಪ್ರತಿ ವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಗಂಡಿನ ಕೊಂಬು ಚಳಿಗಾಲದ ಹೊಸ್ತಿಲಲ್ಲೇ ಉದುರಿಬಿಡುತ್ತದೆ, ಹೆಣ್ಣಿನದು ಮರಿ ಹಾಕುವ ವಸಂತದವರೆಗೂ ಇರುತ್ತದೆ. ಹಾಗೆ ನೋಡಿದರೆ ಡಿಸೆಂಬರ್ 25ಕ್ಕೆ ಕೊಂಬು ಹೊತ್ತು ಸಾಂಟಾನ ಗಾಡಿ ಎಳೆಯುವವರೆಲ್ಲ ಹೆಂಗಸರೇ! ಇದನ್ನು ಹೇಳಿದಾಗ ಮಗಳು ಬಿದ್ದು ಬಿದ್ದು ನಕ್ಕಳು. ಆ ಗಾಡಿಗೆ ಎಂಟು ಸಾರಂಗ ಕಟ್ಟಿದ್ದು 1823ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಬಂದ ಪದ್ಯ. ಒಂಬತ್ತನೆಯ ಕೆಂಪು ಮೂಗಿನ ರುಡಾಲ್ಫ್ ಹುಟ್ಟಿದ್ದು 1939ರಲ್ಲಿ, ಷಿಕಾಗೊದ ಮಾಂಟ್‌ಗೊಮೆರಿ ವಾರ್ಡ್ ಎಂಬ ಅಂಗಡಿಯವರು ಮಕ್ಕಳಿಗೆ ಹಂಚಲು ಬರೆಸಿದ ಪುಸ್ತಕದಲ್ಲಿ. ಅದು ಪುಣೆಯ ಕ್ಲಬ್‌ಹೌಸಿಗೆ ಬಂದು ತಲುಪುವುದಕ್ಕೆ ಬಹಳ ಕಾಲವೇನೂ ಹಿಡಿದಿಲ್ಲ.

ತಮ್ಮನ ಫೋನು ಇಟ್ಟ ಮೇಲೆ ಮಗಳು ಕೇಳಿದಳು: "ಮಾಮಾನ ಹೊಲದ ಜಿಂಕೆ ಯಾರಿಗೆ ಏನು ಕೊಡುತ್ತೆ?"

ಕೊಡುವ ಪ್ರಾಣಿಗಳಿಗೆ ನಮ್ಮಲ್ಲೇನು ಬರವೇ? ಮಾತಿಗೆ ತಪ್ಪದೆ ಹುಲಿಯ ಬಾಯಿಗೆ ನಡೆದುಬಂದ ಪುಣ್ಯಕೋಟಿಯ ಕತೆ ಹೇಳಿದೆ. ಸೇತುವೆಗೆ ಮರಳು ಹೊತ್ತ ಅಳಿಲಿನ ಕತೆ ಹೇಳಿದೆ. ಅತಿಥಿಗೆ ಕೊಡಲು ಬೇರೇನೂ ಇಲ್ಲವೆಂದು ತಾನೇ ಬೆಂಕಿಗೆ ಹಾರಿದ ಜಾತಕ ಕತೆಯ ಮೊಲ, ಅದೇ ಚಂದ್ರನಲ್ಲಿ ಕಾಣುವುದು ಎಂದೂ ಹೇಳಿದೆ. ಎಲ್ಲ ಕೇಳಿಕೊಂಡು ಮಗಳು, "ಅದಲ್ಲ, ಮಾಮಾನ ಜಿಂಕೆ?" ಎಂದಳು.

ಮಾಮಾನ ಜಿಂಕೆ ಕೊಡುವುದಿಲ್ಲ, ತಿನ್ನುತ್ತದೆ. ನಮ್ಮ ಕಡೆ ಅದನ್ನು ಚಿಗರಿ ಎನ್ನುತ್ತಾರೆ, ಪುಸ್ತಕದಲ್ಲಿ ಕೃಷ್ಣಮೃಗ. ಅಕ್ಟೋಬರಿನಲ್ಲಿ ಬಿತ್ತಿದ ಕಡಲೆ ಡಿಸೆಂಬರಿಗೆ ಮೊಣಕಾಲೆತ್ತರ ಬಂದು ಹೂವು ಬಿಡುತ್ತದೆ. ಚಿಗರಿಗೆ ಆ ಕುಡಿ ಅಂದರೆ ಪ್ರಾಣ. ರಾತ್ರಿ ಇಪ್ಪತ್ತು ಮೂವತ್ತರ ಹಿಂಡು ಬಂದರೆ ಬೆಳಗಾಗುವಷ್ಟರಲ್ಲಿ ಒಂದು ಮೂಲೆ ಬೋಳು. ಮೇದದ್ದಕ್ಕಿಂತ ತುಳಿದದ್ದು ಹೆಚ್ಚು. ನಮ್ಮ ಹೊಲದಲ್ಲಿ ಎಕರೆಗೆ ಐದಾರು ಕ್ವಿಂಟಾಲ್ ಬರಬೇಕು. ಮೇದುಹೋದ ಎಕರೆಯಲ್ಲಿ ಎರಡು ಬಂದರೆ ಪುಣ್ಯ. ಕ್ವಿಂಟಾಲಿಗೆ ಐದು ಸಾವಿರದ ಮೇಲೆ ದರ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ. ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಬಾಡಿಗೆ ಬೇರೆ.

ಓಡಿಸೋಣವೆಂದರೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ. "ಅದರ ಮೈಗಿ ಏನರ ಆದ್ರ ನಾನೇ ಒಳಗ ಹೋಗ್ತೀನಿ" ಎನ್ನುತ್ತಾನೆ ತಮ್ಮ. ಪರಿಹಾರಕ್ಕೆ ಅರ್ಜಿ ಹಾಕಬಹುದು. ಪಹಣಿ, ಫೋಟೊ, ಆಧಾರ್, ಪಾಸ್‌ಬುಕ್ಕು ಹಿಡಿದು ನಾಲ್ಕು ಸಲ ಓಡಾಡಿದರೆ ಆ ದಿನಗಳ ಕೂಲಿ ಹೋಯಿತು. ಸೋಲಾರ್ ಬೇಲಿ ಹಾಕಿಸುವಷ್ಟು ದುಡ್ಡು ಅವನ ಹತ್ತಿರ ಇಲ್ಲ.

ಇಲ್ಲಿ ನನಗೆ ನನ್ನದೇ ಒಂದು ವಿಷಯ ನೆನಪಾಗಿ ಮುಜುಗರವಾಯಿತು. ಹೋದ ದೀಪಾವಳಿಗೆ ಊರಿಗೆ ಹೋದಾಗ ಹೊಲದ ಬದುವಿನಲ್ಲಿ ನಿಂತು ಚಿಗರಿ ಹಿಂಡು ಜಿಗಿಯುವ ವಿಡಿಯೊ ಮಾಡಿ ಸೊಸೈಟಿ ಗ್ರೂಪಿಗೆ ಹಾಕಿದ್ದೆ. ಎಪ್ಪತ್ತು ಜನ ಹಾರ್ಟ್ ಒತ್ತಿದ್ದರು. ಚಿಗರಿ ಉಳಿಯಬೇಕೆಂದು ಹೇಳುವ ನಾವೆಲ್ಲ ಪುಣೆಯಲ್ಲಿ ಇದ್ದೇವೆ. ಅದಕ್ಕೆ ಊಟ ಹಾಕುತ್ತಿರುವವನು ಮಾತ್ರ ನನ್ನ ತಮ್ಮ.

ಮರುದಿನ ನಾನೇ ಫೋನು ಮಾಡಿದೆ. "ನುಕಸಾನದಾಗ ನಂದೂ ಒಂದು ಪಾಲಿರಲಿ, ಸ್ವಲ್ಪ ರೊಕ್ಕ ಕಳಿಸ್ತೀನಿ" ಅಂದೆ. ತಮ್ಮನಿಗೆ ಸಿಟ್ಟೇ ಬಂತು. "ಹೊಲದ ಲೆಕ್ಕಾ ಫೋನಿನಾಗ ಮಾಡ್ಬ್ಯಾಡ. ಕೊಡಬೇಕಂತ ಮನಸ್ಸಿದ್ರ ಹಳೇ ಸೀರಿ ತೊಗೊಂಡು ಬಾ. ನಾಕು ಕಡಿ ಕಟ್ತೀನಿ. ಎಳ್ಳಮಾಸಿ ಸೋಮವಾರ ಅದ. ಕೂಸಿಗೂ ಕರ್ಕೊಂಡು ಬಾ. ಅಪ್ಪಗ ಈ ಸಲ ಚರಗ ಚೆಲ್ಲಲಾಕ ಆಗ್ತದೋ ಇಲ್ಲೋ."

ಉತ್ತರ ಕರ್ನಾಟಕದ ರಸ್ತೆಯಲ್ಲಿ ಓಡಾಡಿದವರಿಗೆ ಸೀರೆ ಬೇಲಿ ಹೊಸದಲ್ಲ. ಗೂಟ ನೆಟ್ಟು ಹಳೆಯ ಸೀರೆಗಳನ್ನು ಉದ್ದಕ್ಕೆ ಕಟ್ಟುತ್ತಾರೆ. ಗಾಳಿಗೆ ಅದು ಪಟಪಟ ಬಡಿದುಕೊಂಡರೆ, ಬಣ್ಣ ಅಲ್ಲಾಡಿದರೆ, ಯಾರೋ ಇದ್ದಾರೆಂದು ಪ್ರಾಣಿ ಹಿಂದೆ ಸರಿಯುತ್ತದೆ. ಕರೆಂಟಿಲ್ಲ, ಮುಳ್ಳಿಲ್ಲ, ಯಾರಿಗೂ ಗಾಯವಿಲ್ಲ. ಆದರೆ ಮೂರು ಎಕರೆ ಸುತ್ತಲು ಎಷ್ಟು ಸೀರೆ ಬೇಕು? ತಮ್ಮ ಹೇಳಿದ ಸಂಖ್ಯೆ ಎಂಬತ್ತು. ಹೆಂಡತಿಯ ಸೀರೆ, ಅವ್ವನ ಸೀರೆ, ಅತ್ತೆಮನೆಯ ಸೀರೆ ಎಲ್ಲ ಸೇರಿಸಿ ಅವನ ಹತ್ತಿರ ಇದ್ದದ್ದು ಮೂವತ್ತು ಚಿಲ್ಲರೆ.

ಎಳ್ಳಮಾವಾಸ್ಯೆಯ ವಿಷಯ ದಕ್ಷಿಣದ ಓದುಗರಿಗೆ ಸ್ವಲ್ಪ ಹೇಳಬೇಕು. ಮಾರ್ಗಶಿರದ ಕೊನೆಯ ಅಮಾವಾಸ್ಯೆ ಅದು. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ಕ್ರಿಸ್ಮಸ್ಸಿನ ಆಸುಪಾಸಿನಲ್ಲೇ ಬರುತ್ತದೆ. 2024ರಲ್ಲಿ ಕ್ರಿಸ್ಮಸ್ ಬುಧವಾರ, ಎಳ್ಳಮಾವಾಸ್ಯೆ ಡಿಸೆಂಬರ್ 30ರ ಸೋಮವಾರ, ಐದೇ ದಿನದ ಅಂತರ. ಆಗ ಹಿಂಗಾರಿನ ಪೈರು ನಿಂತಿರುತ್ತದೆ, ಕಾಳು ಕಟ್ಟುವ ಹೊತ್ತು. ಭೂತಾಯಿ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುವುದು ನಂಬಿಕೆ. ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಆ ಅಡುಗೆಯನ್ನೇ ಹೊಲದ ತುಂಬ ಎರಚಿ ಬರುತ್ತಾರೆ. ಅದೇ ಚರಗ. ಭೂಮಿಗೆ ಅಂತ ಎರಚಿದರೂ ತಿನ್ನುವವರು ಗೊತ್ತೇ ಇದೆಯಲ್ಲ: ಗುಬ್ಬಿ, ಕಾಗೆ, ಇರುವೆ, ಇಲಿ, ನರಿ, ಚಿಗರಿ.

ಆಫೀಸಿನಲ್ಲಿ 30ಕ್ಕೆ ರಜೆ ಕೇಳಿದಾಗ ಪಕ್ಕದ ಟೇಬಲಿನ ಲಾತೂರಿನ ಗೆಳತಿ ತಲೆಯೆತ್ತಿ "ಯೆಳವಸ ಕಾ?" ಎಂದಳು. ಅವಳೂ ಅದೇ ದಿನ ರಜೆ ಹಾಕಿದ್ದಳು. ಲಾತೂರು, ಧಾರಾಶಿವ, ಸೋಲಾಪುರದ ಕಡೆ ಮರಾಠಿಯವರು ಇದನ್ನು ವೇಳಾ ಅಮಾವಾಸ್ಯೆ ಎನ್ನುತ್ತಾರೆ, ಆಡುಮಾತಿನಲ್ಲಿ ಯೆಳವಸ. ನಮ್ಮ 'ಎಳ್ಳಮಾಸಿ'ಯನ್ನು ಎರಡು ಸಲ ಜೋರಾಗಿ ಹೇಳಿ ನೋಡಿ, ಆ ಹೆಸರು ಎಲ್ಲಿಂದ ಹೋಯಿತೆಂದು ಗೊತ್ತಾಗುತ್ತದೆ. ಭಾಷಾವಾರು ಗಡಿ ಬಂದದ್ದು 1956ರಲ್ಲಿ. ಭಜ್ಜಿ, ಅಂಬಲಿ ಅದಕ್ಕೂ ಹಳೆಯವು.

ಇನ್ನು ಸೀರೆ. ನಮ್ಮ ಸೊಸೈಟಿಯ ಹೆಂಗಸರಲ್ಲಿ ಪ್ರತಿ ವರ್ಷ ಸೀಕ್ರೆಟ್ ಸಾಂಟಾ ಆಟ. ಚೀಟಿ ಎತ್ತಬೇಕು, ಹೆಸರು ಬಂದವರಿಗೆ ಮುನ್ನೂರು ರೂಪಾಯಿ ಒಳಗೆ ಉಡುಗೊರೆ ತರಬೇಕು. ನನಗೆ ಮೂರು ವರ್ಷದಿಂದ ಸುವಾಸನೆಯ ಮೇಣದಬತ್ತಿಯೇ ಬರುತ್ತಿದೆ. ಅದರಲ್ಲಿ ಒಂದನ್ನು ನಾನೇ ಮುಂದಿನ ವರ್ಷ ಬೇರೆಯವರಿಗೆ ಕೊಟ್ಟೆ, ಒಪ್ಪಿಕೊಂಡುಬಿಡುತ್ತೇನೆ. ಮುನ್ನೂರು ಕೊಟ್ಟು ಮುನ್ನೂರು ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ, ಒಂದು ಸಂಜೆ ಚೆನ್ನಾಗಿ ಕಳೆಯುತ್ತದೆ. ತಪ್ಪೇನೂ ಇಲ್ಲ. ಈ ಸಲ ಗ್ರೂಪಿನಲ್ಲಿ ಧೈರ್ಯ ಮಾಡಿ ಬರೆದೆ: "ನನ್ನ ಹೆಸರು ಬಂದವರು ಮೇಣದಬತ್ತಿ ತರಬೇಡಿ. ಹಳೆಯ ಸೀರೆ ಇದ್ದರೆ ಕೊಡಿ. ಹೆಸರು ಬರದವರೂ ಕೊಡಬಹುದು." ಯಾಕೆಂದು ಕೇಳಿದರು. ನಾನು ಚಿಗರಿಯ ಕತೆ ಬರೆದೆ, ದೀಪಾವಳಿಯ ವಿಡಿಯೊವನ್ನೇ ಮತ್ತೆ ಹಾಕಿದೆ, ಅದರ ಕೆಳಗೆ ತಮ್ಮ ಕಳಿಸಿದ ಬೋಳು ಹೊಲದ ಫೋಟೊ ಹಾಕಿದೆ.

ಎರಡು ದಿನ ಯಾರೂ ಏನೂ ಹೇಳಲಿಲ್ಲ. ಮೂರನೇ ದಿನ ಬಾಗಿಲ ಮುಂದೆ ಒಂದು ಚೀಲ. ಆಮೇಲೆ ದಿನಾ ಒಂದೆರಡು. ನಾಟಕ ನಡೆದ 22ನೇ ತಾರೀಕಿನ ಭಾನುವಾರದ ಹೊತ್ತಿಗೆ ಐವತ್ತೆಂಟು ಸೀರೆ ಆಗಿದ್ದವು. ಒಬ್ಬ ಆಜಿ ತನ್ನ ಹಸಿರು ಒಂಬತ್ತು ಗಜದ ಲುಗಡಾ ಕೊಟ್ಟು, "ಇದು ಬೇರೆಯವಕ್ಕಿಂತ ಉದ್ದ, ಎರಡು ಗೂಟ ಹೆಚ್ಚು ದಾಟುತ್ತೆ" ಎಂದು ಮರಾಠಿಯಲ್ಲಿ ಹೇಳಿದರು.

ನಾಟಕ ಚೆನ್ನಾಯಿತು. ಸೌದೆ ಹೊರುವಾಗ ಮಗಳ ಒಂದು ಕೊಂಬು ಬಾಗಿ ಕರಡಿಯ ಕಣ್ಣಿಗೆ ಚುಚ್ಚುವುದರಲ್ಲಿತ್ತು, ಅಷ್ಟೇ.

ಕ್ರಿಸ್ಮಸ್ ದಿನ ಮೇಲಿನ ಮನೆಯ ಮಂಗಳೂರಿನ ಆಂಟಿ ಕುಸ್ವಾರ್ ತಟ್ಟೆ ಹಿಡಿದು ಬಂದರು. ಕಿಡಿಯೊ, ನೆವ್ರಿ, ಕೊಕ್ಕಿಸಾಂ, ಎಳ್ಳಿನ ಉಂಡೆ. ಕುಸ್ವಾರ್ ಹಂಚುವುದಕ್ಕೇ ಮಾಡುವುದು. ಎಷ್ಟು ಮನೆಗೆ ತಟ್ಟೆ ಹೋಯಿತು ಎನ್ನುವುದೇ ಅವರ ಹಬ್ಬದ ಲೆಕ್ಕ. ಎಳ್ಳುಂಡೆ ಬಾಯಿಗೆ ಹಾಕಿಕೊಂಡು ನಾನು, "ನಮ್ಮಲ್ಲಿ ಸೋಮವಾರ ಎಳ್ಳಮಾವಾಸ್ಯೆ" ಎಂದೆ. "ಅದೆಂತ ಹಬ್ಬ?" ಎಂದರು. ಚರಗದ ವಿಷಯ ಹೇಳಿದೆ.

"ಅಯ್ಯೋ ಮಾರಾಯ್ತಿ, ನಮ್ಮ ಸಂತ ಫ್ರಾನ್ಸಿಸರು ಇದನ್ನೇ ಅಲ್ವಾ ಹೇಳಿದ್ದು!" ಎಂದರು ಆಂಟಿ.

ಅಸ್ಸಿಸಿಯ ಫ್ರಾನ್ಸಿಸರು ಗೊತ್ತಿದ್ದರು; 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತುಂಬಿದ ಗೋದಲಿ ಇಟ್ಟು ಹಬ್ಬ ಮಾಡಿದವರು. ಇವತ್ತು ಚರ್ಚುಗಳಲ್ಲಿ, ಕ್ಯಾಂಪಿನ ಅಂಗಡಿಗಳಲ್ಲಿ, ಆಂಟಿಯ ಹಾಲಿನ ಮೂಲೆಯಲ್ಲಿ ಕಾಣುವ ಗೋದಲಿಗಳ ಹಿಂದೆ ಆ ರಾತ್ರಿ ಇದೆ. ಆದರೆ ಆಂಟಿ ಹೇಳಿದ ಮಾತು ನನಗೆ ಹೊಸದು. ಫ್ರಾನ್ಸಿಸರ ಜೀವನ ಬರೆದ 13ನೇ ಶತಮಾನದ ಚೆಲಾನೊದ ತೋಮಸ್ ಅವರ ಒಂದು ಆಸೆಯನ್ನು ದಾಖಲಿಸಿದ್ದಾನೆ. ಚಕ್ರವರ್ತಿಯ ಹತ್ತಿರ ಮಾತಾಡುವ ಅವಕಾಶ ಸಿಕ್ಕರೆ ಒಂದು ಕಾನೂನು ಮಾಡಿಸಬೇಕೆಂದು ಅವರಿಗಿತ್ತಂತೆ: ಕ್ರಿಸ್ಮಸ್ ದಿನ ಅನುಕೂಲವಿದ್ದವರೆಲ್ಲ ದಾರಿಯುದ್ದಕ್ಕೂ ಕಾಳು ಚೆಲ್ಲಬೇಕು, ಹಕ್ಕಿಗಳಿಗೆ, ಅದರಲ್ಲೂ ನೆಲಗುಬ್ಬಿಗಳಿಗೆ ಹೊಟ್ಟೆತುಂಬ ಸಿಗಬೇಕು. ಬಡವರಿಗೆ ಉಳ್ಳವರು ಉಣಿಸಬೇಕು, ಎತ್ತು ಕತ್ತೆಗಳಿಗೆ ಆ ದಿನ ಹೆಚ್ಚು ಮೇವು ಹಾಕಬೇಕು. ನಾರ್ವೆಯಲ್ಲಿ ಈಗಲೂ ಕ್ರಿಸ್ಮಸ್ಸಿಗೆ ಓಟ್ಸ್ ತೆನೆಯ ಸಿವುಡನ್ನು ಕಂಬಕ್ಕೆ ಕಟ್ಟಿ ಹಕ್ಕಿಗಳಿಗೆ ಬಿಡುವ ರೂಢಿ ಇದೆ.

ನೆಲಗುಬ್ಬಿ ಅಂದಾಗ ನನಗೆ ನಮ್ಮ ಎರೆ ಹೊಲವೇ ಕಣ್ಣಿಗೆ ಬಂತು. ಉತ್ತ ಹೊಲದ ಹೆಂಟೆಗಳ ನಡುವೆ ಓಡಾಡುವ, ಹತ್ತಿರ ಹೋದರೆ ಭುರ್ರನೆ ಮೇಲಕ್ಕೇಳುವ ಅದೇ ಹಕ್ಕಿ. ಎಂಟುನೂರು ವರ್ಷದ ಹಿಂದೆ ಇಟಲಿಯ ಸಂತರು ಚಕ್ರವರ್ತಿಯಿಂದ ಮಾಡಿಸಬೇಕೆಂದುಕೊಂಡ ಕೆಲಸವನ್ನು ನಮ್ಮ ಕಡೆ ಯಾವ ಚಕ್ರವರ್ತಿಯೂ ಹೇಳದೆ ಮಾಡಿಕೊಂಡು ಬಂದಿದ್ದಾರೆ. "ನನ್ನದೂ ಎರಡು ಸೀರೆ ಉಂಟು, ತಕೊಂಡು ಹೋಗು" ಎಂದರು ಆಂಟಿ. ಅರವತ್ತು ಭರ್ತಿಯಾಯಿತು.

28ರ ಶನಿವಾರ ಬೆಳಗಿನ ಜಾವ ಕಾರಿನ ಹಿಂದೆ ಸೀರೆ ಗಂಟುಗಳನ್ನು ತುರುಕಿಕೊಂಡು ಹೊರಟೆವು. ಭಿಗವಣದ ಹತ್ತಿರ ಉಜನಿ ಹಿನ್ನೀರಿನ ಕಡೆ ಫ್ಲೆಮಿಂಗೊ ನೋಡಲು ಹೊರಟವರ ಕಾರುಗಳ ಸಾಲು. ಸೋಲಾಪುರದಲ್ಲಿ ಊಟ. ನಳದುರ್ಗ, ಉಮರ್ಗಾ ದಾಟಿ ಗಡಿ ಬಂತು. ಸಸ್ತಾಪುರ ಬಂಗಲಾದಲ್ಲಿ ಹೈವೇ ಬಿಟ್ಟು ಒಳಗೆ ತಿರುಗಿದರೆ ನಮ್ಮೂರು. ತಮ್ಮ ಗಂಟು ಬಿಚ್ಚಿ ನೋಡಿ, "ಇಷ್ಟು ಛಲೋ ಸೀರಿ ಬೇಲಿಗಿ ಕೊಟ್ಟಾರೇನು?" ಎಂದ. ಅವನ ಹೆಂಡತಿ ಅದರಲ್ಲಿ ನಾಲ್ಕು ಸೀರೆಗಳನ್ನು ಮೆಲ್ಲಗೆ ಪಕ್ಕಕ್ಕೆ ಎತ್ತಿಟ್ಟಳು. ಯಾರೂ ಏನೂ ಅನ್ನಲಿಲ್ಲ. ಭಾನುವಾರ ಇಡೀ ದಿನ ಗೂಟ ಹುಗಿದು ಸೀರೆ ಕಟ್ಟಿದೆವು. ಸೊಸೈಟಿ ಆಜಿಯ ಹಸಿರು ಲುಗಡಾ ನಿಜವಾಗಿಯೂ ಎರಡು ಗೂಟ ಹೆಚ್ಚು ದಾಟಿತು.

ಸೋಮವಾರ ನಸುಕಿನಲ್ಲೇ ಅಡುಗೆ. ಸಜ್ಜೆ ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ. ಭಜ್ಜಿಗೆ ಮಾತ್ರ ಇಂಥದ್ದೇ ಅಂತಿಲ್ಲ. ಹೊಲದಲ್ಲಿ ಹಿತ್ತಲಲ್ಲಿ ಸಿಕ್ಕ ಕಾಯಿ, ಸೊಪ್ಪು, ಹಸಿ ಕಾಳು ಎಲ್ಲ ಒಂದೇ ಪಾತ್ರೆಗೆ. ಮಜ್ಜಿಗೆ ಹಾಕಿದ ಜೋಳದ ಅಂಬಲಿಯ ಗಡಿಗೆ ಬೇರೆ. ಬುಟ್ಟಿಗಳನ್ನು ಟ್ರ್ಯಾಕ್ಟರಿಗೆ ಏರಿಸಿ ಹೊಲಕ್ಕೆ ಹೋದೆವು. ಅಪ್ಪನನ್ನು ಮುಂದೆ ಕುರ್ಚಿ ಹಾಕಿ ಕೂರಿಸಿಕೊಂಡು ಹೋದೆವು.

ಜೋಳದ ದಂಟಿನ ಸಣ್ಣ ಕೊಂಪೆ, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಆಯಿತು, ನೈವೇದ್ಯ ಆಯಿತು. ಚರಗದ ಬುಟ್ಟಿಯನ್ನು ತಮ್ಮ ಎತ್ತಿಕೊಳ್ಳಲು ಹೋದರೆ ಅಪ್ಪ ಕೈ ಚಾಚಿ, "ನಾನೇ ಹೋಗ್ತೀನಿ, ಸಾವಕಾಶ" ಎಂದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮೊಮ್ಮಗಳ ಹೆಗಲ ಮೇಲೆ. ಬುಟ್ಟಿ ಮಗಳ ಕೈಯಲ್ಲಿ. ನೀರಿನ ತಂಬಿಗೆ ಹಿಡಿದು ಹಿಂದೆ ನಾನು. ಅಪ್ಪ ಕೂಗು ಹಾಕಿದಾಗ ಮಗಳು ಮೊದಲು ನಾಚಿಕೊಂಡಳು, ಎರಡನೇ ಬದುವಿನ ಹೊತ್ತಿಗೆ ಅಜ್ಜನಿಗಿಂತ ಜೋರಾಗಿ ಕೂಗುತ್ತಿದ್ದಳು.

ಸೀರೆ ಬೇಲಿಯ ಹತ್ತಿರ ಬಂದಾಗ ಅಪ್ಪ ನಿಂತ. ಒಂದು ಹಿಡಿ ಒಳಗೆ ಎರಚಿದ. ಇನ್ನೊಂದು ಹಿಡಿಯನ್ನು ಸೀರೆಯ ಮೇಲಿಂದ ಹೊರಗೆ ಎರಚಿದ. ಮುಂದಿನ ಗೂಟದಲ್ಲಿ ಮತ್ತೆ ಹಾಗೆಯೇ.

ಮಗಳಿಗೆ ಇದು ಬಗೆಹರಿಯಲಿಲ್ಲ. "ಅಜ್ಜಾ, ಅವು ಬರಬಾರದು ಅಂತ ಬೇಲಿ ಕಟ್ಟಿದ್ದೀವಿ. ಮತ್ತೆ ಊಟ ಯಾಕೆ ಹಾಕ್ತೀ?"

"ಬೇಲಿ ನಮ್ಮ ಹೊಟ್ಟಿ ಸಲುವಾಗಿ, ಕೂಸೇ. ಚರಗ ಅವುರ ಹೊಟ್ಟಿ ಸಲುವಾಗಿ" ಎಂದ ಅಪ್ಪ.

"ಅವು ನಮ್ಮದು ತಿಂದವಲ್ಲ?"

ಅಪ್ಪ ಕೋಲೆತ್ತಿ ದೂರದ ದಿಬ್ಬ ತೋರಿಸಿದ. "ಅಲ್ಲಿತನಕ ಗಾಯರಾಣ ಇತ್ತು. ಬರೇ ಹುಲ್ಲು. ಊರ ದನ ಮೇಯ್ತಿದ್ವು, ಚಿಗರಿ ಮೇಯ್ತಿದ್ವು. ಆ ಗಾಯರಾಣ ಯಾರು ಉತ್ತಾರ? ಚಿಗರಿ ಉತ್ತಾವೇನು?"

ಚಿಗರಿ ಕಾಡಿನ ಪ್ರಾಣಿ ಅಲ್ಲ, ಬಯಲಿನ ಪ್ರಾಣಿ. ದಟ್ಟ ಕಾಡು ಅದಕ್ಕೆ ಆಗುವುದಿಲ್ಲ. ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು ಬೇಕು. ಮರ ಇಲ್ಲದ ಬಯಲನ್ನು ನಾವು ಪಾಳುಭೂಮಿ ಅಂದುಕೊಂಡು ಉತ್ತೆವು, ಅಗೆದೆವು, ಕಟ್ಟಡ ಎಬ್ಬಿಸಿದೆವು. ಪುಣೆಯ ಸುತ್ತ ಆದದ್ದೂ ಇದೇ. ಸಾಸವಡ, ಬಾರಾಮತಿ ಕಡೆಯ ಹುಲ್ಲುಗಾವಲಿನಲ್ಲಿ ಇನ್ನೂ ತೋಳ, ಚಿಂಕಾರ ಉಳಿದಿವೆ. ನಮ್ಮ ಟೇಕಡಿಗಳಲ್ಲಿ ನವಿಲು ಉಳಿದಿದೆ. ಬೆಳಗ್ಗೆ ವಾಕಿಂಗಿಗೆ ಹೋದವರು ಅದಕ್ಕೆ ಬ್ರೆಡ್ಡು, ಬಿಸ್ಕತ್ತು ಹಾಕಿ ಫೋಟೊ ತೆಗೆಯುತ್ತಾರೆ; ಘಾಟಿನ ತಿರುವಿನಲ್ಲಿ ಕಾರು ನಿಲ್ಲಿಸಿ ಮಂಗನಿಗೆ ಚಿಪ್ಸ್ ಕೊಡುತ್ತಾರೆ. ಅದು ದಾನ ಅನ್ನಿಸಿಕೊಂಡರೂ ಪ್ರಾಣಿಗೆ ಕೇಡೇ. ಚಿಪ್ಸ್ ಕಲಿತ ಮಂಗ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತದೆ.

ಚರಗ ಹಾಗಲ್ಲ ಎನ್ನುವುದು ಅವತ್ತು ಹೊಲದಲ್ಲಿ ನನಗೆ ಕಂಡಿತು. ವರ್ಷಕ್ಕೆ ಒಂದು ಸಲ, ಒಂದೊಂದು ಹಿಡಿ. ಪ್ರಾಣಿಯನ್ನು ಹತ್ತಿರ ಕರೆಯುವುದಿಲ್ಲ, ಮುಟ್ಟುವುದಿಲ್ಲ, ಯಾವುದು ತಿಂದಿತೆಂದು ನಿಂತು ನೋಡುವುದಿಲ್ಲ. ಒಂದು ಹಿಡಿ ಅನ್ನದಿಂದ ಚಿಗರಿಯ ಹೊಟ್ಟೆ ತುಂಬುವುದಿಲ್ಲ ಎಂದು ಅಪ್ಪನಿಗೂ ಗೊತ್ತು. ಈ ನೆಲದಲ್ಲಿ ನಿನ್ನದೂ ಪಾಲಿದೆ ಎಂದು ಬಾಯಿಬಿಟ್ಟು ಕೂಗಿ ಹೇಳುವ ದಿನ ಅದು. ಕತೆಯ ಪ್ರಾಣಿಗಳು ಕೊಡುತ್ತವೆ, ಅವುಗಳಿಗೆ ಕೊಡುವುದು ಸುಲಭ. ಪೈರು ತಿಂದು ಹೋದ ಪ್ರಾಣಿಯ ಪಾಲನ್ನು ಒಪ್ಪಿಕೊಳ್ಳುವುದು ಕಷ್ಟ. ರಾತ್ರಿಯೆಲ್ಲ ತಗಡು ಬಡಿದು ಹೊಲ ಕಾಯುವ ನನ್ನ ತಮ್ಮ, ಬೆಳಗ್ಗೆ ಎದ್ದು ಅದೇ ಚಿಗರಿಗೆ ಕಡಬು ಎರಚುತ್ತಾನೆ. ಇದನ್ನು ಅವನು ದೊಡ್ಡ ಮಾತು ಅಂದುಕೊಂಡಿಲ್ಲ. ಆದರೆ ಆ ಪಾಲನ್ನು ಅವನೊಬ್ಬನೇ ಯಾಕೆ ಕೊಡಬೇಕು ಎನ್ನುವ ಪ್ರಶ್ನೆ ಪುಣೆಯಲ್ಲಿ ಕೂತ ನನ್ನಂಥವರಿಗೆ ಸೇರಿದ್ದು.

ಊಟ ಮುಗಿಸಿ ಬೇವಿನ ನೆರಳಲ್ಲಿ ಅಡ್ಡಾಗಿದ್ದೆವು. ಸಂಜೆ ನಾಲ್ಕೂವರೆಯ ಹೊತ್ತಿಗೆ ದಿಬ್ಬದ ಮೇಲೆ ಹಿಂಡು ಕಾಣಿಸಿತು. ಹನ್ನೆರಡು ಹದಿಮೂರು ಹೆಣ್ಣು, ಮರಿಗಳು, ಹಿಂದೆ ಒಂದು ಕರಿ ಹೋರಿ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಎರಡು ಉದ್ದ ಕೊಂಬು. ಅದು ತಲೆಯೆತ್ತಿ ನಮ್ಮ ಅರವತ್ತು ಬಣ್ಣದ ಬೇಲಿಯನ್ನು ಬಹಳ ಹೊತ್ತು ನೋಡಿತು.

"ಮಮ್ಮಿ, ಇದರ ಕೊಂಬಿಗೆ ಕವಲೇ ಇಲ್ಲ" ಎಂದಳು ಮಗಳು ಪಿಸುದನಿಯಲ್ಲಿ. ಆಮೇಲೆ, "ತುಳಶೀಬಾಗಿನ ಕೊಂಬೇ ಇದಕ್ಕೆ ಸರಿಯಾಗುತ್ತಿತ್ತು" ಎಂದಳು.

ಇದಿಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ಸಂಕ್ರಾಂತಿ ಕಳೆದು, ಮತ್ತೆ ತಮ್ಮನ ಫೋನು ಬಂತು. ಬೇಲಿ ಹೇಗಿದೆ ಎಂದು ಕೇಳಿದೆ.

"ಎಂಟು ಹತ್ತು ದಿನ ಛಲೋ ಹೆದರಿದ್ವು. ಈಗ ರೂಢಿ ಆಗ್ಯಾದ. ನಿಮ್ಮ ಆಜಿ ಹಸರು ಸೀರಿ ನೆಳ್ಳಾಗ ಒಂದು ಮರಿ ಮಲಗಿತ್ತು ನೋಡು ನಿನ್ನಿ."

"ಮತ್ತ ಕಡ್ಲಿ?"

"ಎರಡು ಎಕರೆ ಉಳದಾದ. ಕಾಯಿ ಕಟ್ಯಾದ. ಕೊಯ್ಲಿನ ತನಕ ಜಾಗಾ, ಬಣ್ಣ ಬದಲು ಮಾಡಕೋತ ಹೋಗಬೇಕು. ಇನ್ನೊಂದಿಷ್ಟು ಸೀರಿ ಸಿಗ್ತಾವೇನು ಕೇಳು."

ಸೊಸೈಟಿ ಗ್ರೂಪಿನಲ್ಲಿ ಮತ್ತೆ ಬರೆದಿದ್ದೇನೆ. ಆ ಹಸಿರು ಸೀರೆಯ ಸುದ್ದಿ ಕೇಳಿ ಆಜಿ ಇನ್ನೊಂದು ಲುಗಡಾ ತೆಗೆದಿಟ್ಟಿದ್ದಾರಂತೆ. ನಿಮ್ಮೂರಿನ ಕಡೆಯೂ ಹೊಲ ಕಾಯುವ ತಮ್ಮನೋ ಅಣ್ಣನೋ ಮಾವನೋ ಇದ್ದರೆ, ಮುಂದಿನ ಸಲ ಹೋಗುವಾಗ ಕಪಾಟಿನ ಕೆಳಗಿನ ಖಾನ ಒಮ್ಮೆ ತೆಗೆದು ನೋಡಿ.